ಏಳಕ್ಕೆ ಕಟ್ಟಿದ ಬುತ್ತಿ, ಒಂದಕ್ಕೆ ಬಿಚ್ಚುವಾಗ

ನಮ್ಮ ಕಾಸರಗೋಡಿನ ಕಡೆ ಬುತ್ತಿ ಕೆಡುವುದು ಮೂರರಿಂದ: ಆವಿ, ನೀರು, ಹಸಿ ತೆಂಗಿನಕಾಯಿ. ಉಳಿದದ್ದೆಲ್ಲ ಆಮೇಲೆ. ಉಪ್ಪಳದಿಂದಲೋ ಕುಂಬಳೆಯಿಂದಲೋ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗುವವರ ಚೀಲದಲ್ಲಾಗಲಿ, ಬದಿಯಡ್ಕದ ಬಸ್ಸಿನಲ್ಲಿ ನಿಂತು ಹೋಗುವ ಹೈಸ್ಕೂಲು ಮಕ್ಕಳ ಬೆನ್ನಿನ ಬ್ಯಾಗಿನಲ್ಲಾಗಲಿ, ಆ ಡಬ್ಬಿ ಐದೂವರೆ ಆರು ಗಂಟೆ ಸೆಕೆಯಲ್ಲಿ ಕೂತಿರುತ್ತದೆ. ಏಪ್ರಿಲ್ ಆದರೆ ಬಿಸಿಲ ಸೆಕೆ, ಜುಲೈ ಆದರೆ ಒದ್ದೆ ಸೆಕೆ. ಎರಡೂ ಅನ್ನಕ್ಕೆ ಶತ್ರುವೇ. ಬೆಳಿಗ್ಗೆ ಏಳಕ್ಕೆ ರುಚಿಯಾಗಿದ್ದದ್ದನ್ನು ಹಾಗೇ ತುಂಬಿ ಕಳಿಸುವುದು ಬುತ್ತಿ ಕಟ್ಟಿದಂತಲ್ಲ. ಮಧ್ಯಾಹ್ನ ಒಂದಕ್ಕೆ ಅದು ಹೇಗಿರುತ್ತದೆ ಎಂದು ಲೆಕ್ಕ ಹಾಕಿ ಏಳಕ್ಕೆ ಅಡುಗೆ ಮಾಡಬೇಕು. ಆರೋಗ್ಯದ ಊಟ ಎಂದು ಎಷ್ಟೇ ಕಾಳು, ಸೊಪ್ಪು, ಕುಚ್ಚಲಕ್ಕಿ ತುಂಬಿದರೂ ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಮಗು ಮುಚ್ಚಿಡುತ್ತದೆ, ಅಂಗಡಿಯ ಪೊಟ್ಟಣದ ಚಿಪ್ಸಿಗೆ ಹೋಗುತ್ತದೆ.

ಕೇರಳದಲ್ಲಿ ಎಂಟನೇ ತರಗತಿಯ ತನಕ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದೂಟ ಸಿಗುತ್ತದೆ. ಅಲ್ಲಿಗೆ ಹೋಗುವ ಮಕ್ಕಳಿಗೆ ಒಂದು ಹಣ್ಣು, ಒಂದು ಮುಷ್ಟಿ ಕಾಳು ಕೊಟ್ಟರೆ ಸಾಕು. ಒಂಬತ್ತನೆಯವರಿಗೆ, ಖಾಸಗಿ ಶಾಲೆಯವರಿಗೆ, ಕಾಲೇಜಿಗೆ, ಆಫೀಸಿಗೆ ಹೋಗುವವರಿಗೆ ಪೂರ್ತಿ ಬುತ್ತಿ ಬೇಕು.

ಮೊದಲು ಬಿಸಿಯ ವಿಷಯ. ಬೆಂದ ಆಹಾರ 60 ಡಿಗ್ರಿಗಿಂತ ಮೇಲಿದ್ದರೆ ಅಥವಾ 5 ಡಿಗ್ರಿಗಿಂತ ಕೆಳಗಿದ್ದರೆ ಸೂಕ್ಷ್ಮಾಣುಗಳು ಸುಲಭಕ್ಕೆ ಹೆಚ್ಚುವುದಿಲ್ಲ. ನಡುವಿನದ್ದೆಲ್ಲ ಅವಕ್ಕೆ ಹಬ್ಬ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದೊಂದು ಇದೆ. ಅದರ ಬೀಜಕಣ ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಬಿಸಿ ಮಾಡಿ ತಿಂದರೆ ಏನೂ ಆಗುವುದಿಲ್ಲ’ ಎನ್ನುವುದು ಅನ್ನದ ಮಟ್ಟಿಗೆ ಸುಳ್ಳು.

ಹಾಗಾಗಿ ಬುತ್ತಿಗೆ ಎರಡೇ ದಾರಿ. ಒಂದೋ ಕುದಿಕುದಿ ಇರುವಾಗಲೇ ಥರ್ಮಸ್ ಡಬ್ಬಿಗೆ ತುಂಬಬೇಕು, ಇಲ್ಲವೋ ಪೂರ್ತಿ ಆರಿಸಿ ಸಾಮಾನ್ಯ ಸ್ಟೀಲ್ ಡಬ್ಬಿಗೆ ತುಂಬಬೇಕು. ಅರೆಬಿಸಿಯಲ್ಲಿ ಮುಚ್ಚಳ ಬಿಗಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ, ಮೇಲಿನ ಅನ್ನ ಒದ್ದೆಯಾಗುತ್ತದೆ, ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಲೋಳೆ ಮೊದಲು ಬರುವುದು ಅಲ್ಲೇ.

ಥರ್ಮಸ್ ಡಬ್ಬಿಯವರು ತಪ್ಪುವುದು ಒಂದೇ ಕಡೆ: ತಣ್ಣಗಿನ ಡಬ್ಬಿಗೆ ಬಿಸಿ ಅನ್ನ ಹಾಕುತ್ತಾರೆ. ಡಬ್ಬಿಯ ಲೋಹವೇ ಒಂದಷ್ಟು ಬಿಸಿ ಕುಡಿದುಬಿಡುತ್ತದೆ. ಮೊದಲು ಕುದಿಯುವ ನೀರು ತುಂಬಿ, ಮುಚ್ಚಿ, 5ರಿಂದ 10 ನಿಮಿಷ ಬಿಡಿ. ನೀರು ಚೆಲ್ಲಿ, ಒರೆಸಿ, ಕೂಡಲೇ ಊಟ ತುಂಬಿ. ಡಬ್ಬಿ ಕತ್ತಿನ ತನಕ ತುಂಬಿರಬೇಕು. ಅರ್ಧ ಖಾಲಿ ಇದ್ದರೆ ಬೇಗ ಆರುತ್ತದೆ. ಸಾರು, ಬೇಳೆ ಹಾಕಿದ ಮೆತ್ತನೆ ಅನ್ನ, ಗಂಜಿ ಇದಕ್ಕೆ ಒಳ್ಳೆಯದು. ಉದುರು ಅನ್ನ, ದೋಸೆ ಇದರಲ್ಲಿ ಬೆವರಿ ಮುದ್ದೆಯಾಗುತ್ತದೆ. ಇನ್ನೊಂದು ತೊಂದರೆ: ಬಿಸಿ ತುಂಬಿ ತಿರುಪು ಮುಚ್ಚಳ ಹಾಕಿದ ಡಬ್ಬಿ ಆರುತ್ತಾ ಹೋದಂತೆ ಒಳಗಿನ ಆವಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆರು ವರ್ಷದ ಮಗುವಿನ ಕೈಗೆ ಅದು ಬರುವುದೇ ಇಲ್ಲ. ಡಬ್ಬಿ ವಾಪಸು ತುಂಬಿ ಬಂದರೆ ‘ಯಾಕೆ ತಿನ್ನಲಿಲ್ಲ’ ಎಂದು ಗದರುವ ಮೊದಲು ಮಗುವಿಗೆ ಅದನ್ನು ಬಿಚ್ಚಲು ಬರುತ್ತದೆಯೇ ನೋಡಿ. ಸಣ್ಣವರಿಗೆ ಕ್ಲಿಪ್ ಮುಚ್ಚಳದ ಸಾಮಾನ್ಯ ಡಬ್ಬಿಯೇ ಮೇಲು.

ಅನ್ನ

ಕುಚ್ಚಲಕ್ಕಿ ಬುತ್ತಿಗೆಂದೇ ಹುಟ್ಟಿದ ಅಕ್ಕಿ ಎನ್ನಬಹುದು. ಭತ್ತವನ್ನು ಬೇಯಿಸಿ ಒಣಗಿಸಿ ಮಿಲ್ ಮಾಡುವುದರಿಂದ ಹೊಟ್ಟಿನ ಪದರದಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನೊಳಗೆ ಇಳಿದಿರುತ್ತದೆ. ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿಯಾಗಿರುವುದರಿಂದ ಅನ್ನ ಅಂಟುವುದಿಲ್ಲ, ಮಧ್ಯಾಹ್ನಕ್ಕೆ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಅನ್ನದಷ್ಟು ಬಿರುಸಾಗುವುದೂ ಇಲ್ಲ. ಕೆಂಪು ಕುಚ್ಚಲಕ್ಕಿಯಾದರೆ ನಾರೂ ಸಿಗುತ್ತದೆ.

ಬೇಯುವುದು ತಡ ಎನ್ನುವುದೇ ದೂರು. ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು, ಜೋರು ಉರಿಯಲ್ಲಿ ಎರಡು ವಿಸಿಲ್, ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ, ಒತ್ತಡ ತಾನಾಗಿ ಇಳಿಯುವ ತನಕ ಬಿಡುವುದು. ಮಿಲ್ಲಿನಿಂದ ಮಿಲ್ಲಿಗೆ ಅಕ್ಕಿ ಬೇರೆಯಾದ್ದರಿಂದ ಐದು ನಿಮಿಷ ಆಚೀಚೆ ಆಗುತ್ತದೆ. ತೆರೆದ ಮೇಲೆ ಒಂದು ಚೆಂಬು ಕುದಿಯುವ ನೀರು ಹಾಕಿ ಒಮ್ಮೆ ತಿರುಗಿಸಿ ತೆಳಿ (ಗಂಜಿನೀರು) ಬಸಿಯಿರಿ. ಈ ಬಸಿಯುವ ಕೆಲಸ ಬಿಡಬೇಡಿ. ಮನೆಯಲ್ಲಿ ಕೂಡಲೇ ಉಣ್ಣುವ ಅನ್ನಕ್ಕೆ ತೆಳಿ ಇದ್ದರೂ ನಡೆಯುತ್ತದೆ. ಬುತ್ತಿ ಅನ್ನದಲ್ಲಿ ತೆಳಿ ಉಳಿದರೆ ಅದೇ ಮೊದಲು ಹಳಸುವುದು. ಬಸಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಫ್ಯಾನಿನ ಕೆಳಗೆ 15 ನಿಮಿಷ ಇಡಿ. ತಟ್ಟೆಯ ಅಡಿಭಾಗ ಮುಟ್ಟಿದರೆ ಬಿಸಿ ತಾಗಬಾರದು, ಅಷ್ಟು.

ಕುದಿ ಬಂದ ಪಾತ್ರೆಯನ್ನು ಥರ್ಮಲ್ ಪೆಟ್ಟಿಗೆಯೊಳಗೆ ಇಟ್ಟು ಅನ್ನ ಮಾಡುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಗ್ಯಾಸ್ ಉಳಿಯುತ್ತದೆ, ಒಳ್ಳೆಯದೇ. ಬೆಳಿಗ್ಗೆ ಐದಕ್ಕೆ 10–15 ನಿಮಿಷ ಕುದಿಸಿ ಪೆಟ್ಟಿಗೆಗೆ ಇಟ್ಟು ಆರೂವರೆಗೆ ತೆಗೆದರೆ ಯಾವ ಚಿಂತೆಯೂ ಇಲ್ಲ. ರಾತ್ರಿ ಒಂಬತ್ತಕ್ಕೆ ಇಟ್ಟು ಬೆಳಿಗ್ಗೆ ಆರಕ್ಕೆ ತೆಗೆಯುವಲ್ಲಿ ಅಪಾಯ. ತೆಗೆಯುವಾಗ ಪಾತ್ರೆ ಬರಿಗೈಯಲ್ಲಿ ಹಿಡಿಯುವಷ್ಟು ಆರಿದ್ದರೆ ಆ ಅನ್ನ ಎಷ್ಟೋ ಹೊತ್ತಿನಿಂದ ಬೆಚ್ಚಗೆ ಕೂತಿದೆ ಎಂದರ್ಥ. ಅದನ್ನು ಮತ್ತೆ ಆರು ಗಂಟೆ ಡಬ್ಬಿಯಲ್ಲಿ ಇಡಬಾರದು. ರಾತ್ರಿಯೇ ಅನ್ನ ಮಾಡಲೇಬೇಕಾದರೆ ಬಸಿದು, ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಟ್ಟುಬಿಡಿ. ಬೆಳಿಗ್ಗೆ ಚಿತ್ರಾನ್ನವೋ ಹುಳಿ ಹಾಕಿದ ಅನ್ನವೋ ಮಾಡುವಾಗ ಬಾಣಲೆಯಲ್ಲಿ ಎಲ್ಲ ಕಡೆಯಿಂದ ಆವಿ ಏಳುವ ತನಕ ಬಿಸಿ ಮಾಡಿ. ನಿಂಬೆ, ಹುಣಸೆ, ಬಿಂಬುಳಿ ಯಾವುದಾದರೂ ಸರಿ, ಹುಳಿ ಇರುವ ಅನ್ನ ಬರಿ ಅನ್ನಕ್ಕಿಂತ ಹೆಚ್ಚು ತಡೆಯುತ್ತದೆ. ನಿಂಬೆರಸವನ್ನು ಮಾತ್ರ ಉರಿ ಆರಿಸಿದ ಮೇಲೆ ಹಿಂಡಿ, ಇಲ್ಲದಿದ್ದರೆ ಕಹಿ ಬರುತ್ತದೆ.

ಮೊಸರನ್ನಕ್ಕೆ ಮೊಸರು ಸುರಿದು ಕಳಿಸಿದರೆ ಮಧ್ಯಾಹ್ನಕ್ಕೆ ಹುಳಿ ತಲೆಗೇರುತ್ತದೆ. ಹಾಲಿನಲ್ಲಿ ಕಲಸಬೇಕು. ಒಂದು ಲೋಟ ಮೆತ್ತಗೆ ಬೆಂದ ಅನ್ನ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಲೋಟ, ಗಟ್ಟಿ ಮೊಸರು ಎರಡು ಚಮಚ, ಉಪ್ಪು. ಆರು ಗಂಟೆಯಲ್ಲಿ ಅದು ಡಬ್ಬಿಯಲ್ಲೇ ಹೆಪ್ಪಾಗಿ ಸಿಹಿಮೊಸರಿನ ಹದದಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೊಸರು ಒಂದೇ ಚಮಚ ಸಾಕು, ಜುಲೈಯಲ್ಲಿ ಎರಡು ಬೇಕು. ಒಗ್ಗರಣೆ ಹಾಕಿ, ಶುಂಠಿ ತುರಿದು ಹಾಕಿ, ಆದರೆ ಹಸಿ ನೀರುಳ್ಳಿ, ಮುಳ್ಳುಸೌತೆ ಬೇಡ. ಎರಡೂ ನೀರು ಬಿಟ್ಟುಕೊಳ್ಳುತ್ತವೆ.

ತೆಂಗಿನಕಾಯಿ

1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ಕಾಸರಗೋಡು. ಈ ಊರಿನಲ್ಲಿ ಕಾಯಿಗೆ ವಿರುದ್ಧ ಮಾತಾಡಿದರೆ ಯಾರೂ ಕೇಳುವುದಿಲ್ಲ, ಮಾತಾಡುವ ಇರಾದೆಯೂ ಇಲ್ಲ. ಆದರೂ ಬುತ್ತಿ ಹಳಸಿದ ಹತ್ತು ದಿನಗಳಲ್ಲಿ ಏಳೆಂಟು ದಿನ ತಪ್ಪು ಹಸಿ ಕಾಯಿಯದ್ದೇ. ಹಸಿ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು, ಜತೆಗೆ ಸಿಹಿ, ಕೊಬ್ಬು. ಒಣಗಿದ ಕೊಬ್ಬರಿಯಲ್ಲಿ ನೀರು ಶೇಕಡಾ ಆರರ ಹತ್ತಿರ ಅಷ್ಟೇ. ಕೊಬ್ಬರಿ ತಿಂಗಳುಗಟ್ಟಲೆ ಇರುವುದೂ ಹೆರೆದ ಕಾಯಿ ಸಂಜೆಗೆ ನಾರುವುದೂ ಇದೇ ಕಾರಣಕ್ಕೆ.

ಕಾಯಿ ಬಿಡಬೇಕಿಲ್ಲ, ಅದಕ್ಕೆ ಬಿಸಿ ತಾಗಿಸಬೇಕು. ಪಲ್ಯಕ್ಕೆ ಉರಿ ಆರಿಸಿದ ಮೇಲೆ ಕಾಯಿತುರಿ ಉದುರಿಸುವುದು ಊಟಕ್ಕೆ ಚೆಂದ. ಬುತ್ತಿಯ ಪಲ್ಯಕ್ಕೆ ತುರಿಯನ್ನು ಐದು ನಿಮಿಷ ಮೊದಲೇ ಹಾಕಿ, ತೇವ ಆರುವ ತನಕ ಬಾಣಲೆಯಲ್ಲಿ ತಿರುಗಿಸಿ. ಅರೆದು ಹಾಕುವ ಸಾಂಬಾರು, ಮೇಲಾರದಂಥದ್ದನ್ನು ಅರಪ್ಪು ಹಾಕಿದ ಮೇಲೆ ಚೆನ್ನಾಗಿ ಕುದಿಸಬೇಕು. ಮಜ್ಜಿಗೆ ಹಾಕಿದ ಮೇಲಾರ ಜೋರು ಕುದಿಸಿದರೆ ಒಡೆಯುತ್ತದೆ, ಕುದಿಸದಿದ್ದರೆ ಕೆಡುತ್ತದೆ. ಹಾಗಾಗಿ ಬುತ್ತಿಗೆ ಮೇಲಾರ ಬೇಡವೇ ಬೇಡ. ತಂಬುಳಿ, ಸಾಸಮೆ, ಹಸಿ ಕಾಯಿಚಟ್ನಿ ಇವೂ ಮನೆ ಊಟದ ಸಾಮಾನುಗಳು. ಒಂದೆಲಗದ ತಂಬುಳಿ ಮಕ್ಕಳಿಗೆ ಒಳ್ಳೆಯದೆಂದು ಡಬ್ಬಿಗೆ ತುಂಬಬೇಡಿ, ರಾತ್ರಿ ಊಟಕ್ಕೆ ಬಡಿಸಿ.

ಬುತ್ತಿಗೆ ಬೇಕಾದದ್ದು ಹುರಿದ ಕಾಯಿಯ ಚಟ್ನಿಪುಡಿ. ಒಂದು ದೊಡ್ಡ ಕಾಯಿಯನ್ನು ಹೆರೆಯಿರಿ, ಕಪ್ಪು ಸಿಪ್ಪೆ ಬರದಂತೆ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಲು ಶುರುಮಾಡಿ. ಮೊದಲ ಐದು ನಿಮಿಷ ಆವಿ ಬರುತ್ತದೆ, ತುರಿ ಮುದ್ದೆಮುದ್ದೆ ಇರುತ್ತದೆ. ಆವಿ ನಿಂತು ತುರಿ ಬಿಡಿಬಿಡಿಯಾದಾಗ 5–6 ಒಣಮೆಣಸು, ಎರಡು ಎಸಳು ಕರಿಬೇವು, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿಯನ್ನು ನಾರು ಬೀಜ ತೆಗೆದು ಚೂರು ಮಾಡಿ ಹಾಕಿ. ಹುಳಿಯ ತೇವವೂ ಆರಬೇಕು, ಅದಕ್ಕೇ ಈಗಲೇ ಹಾಕುವುದು. ತುರಿ ಇಟ್ಟಿಗೆ ಬಣ್ಣಕ್ಕೆ ಬಂದು ಎಣ್ಣೆಯ ಪರಿಮಳ ಏಳುವಾಗ ಇಳಿಸಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಪ್ಪಾಗಿ ಕಹಿಯಾಗುತ್ತದೆ, ಬೇರೆ ತಟ್ಟೆಗೆ ಸುರಿಯಿರಿ. ಪೂರ್ತಿ ಆರಿದ ಮೇಲೆ ಉಪ್ಪು ಸೇರಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಒಣಗಿದ ಗಾಜಿನ ಭರಣಿಯಲ್ಲಿ ಬೇಸಿಗೆಯಲ್ಲಿ ಎರಡು ವಾರ ಇರುತ್ತದೆ, ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ. ಒದ್ದೆ ಚಮಚ ಹಾಕಿದ ದಿನವೇ ಅದರ ಆಯುಷ್ಯ ಮುಗಿಯಿತು.

ಬಾಳೆಲೆಯಲ್ಲಿ ಕಟ್ಟುವುದು

ಎಲೆಬುತ್ತಿ ಬರಿ ಚೆಂದಕ್ಕಲ್ಲ. ಎಲೆ ಬೆವರುವುದಿಲ್ಲ, ಅನ್ನಕ್ಕೆ ಅಂಟುವುದಿಲ್ಲ, ತೊಳೆಯುವ ಡಬ್ಬಿಯೂ ಇಲ್ಲ. ಆದರೆ ಎಲೆ ಬಾಡಿಸಲು ಬಾರದವರ ಕೈಯಲ್ಲಿ ಅದು ಹರಿಯುತ್ತದೆ, ಬ್ಯಾಗಿನ ಪುಸ್ತಕಕ್ಕೆಲ್ಲ ಸಾಂಬಾರಿನ ಗುರುತಾಗುತ್ತದೆ.

ತೀರಾ ಕುಡಿಯ ಎಲೆ ಬೇಡ, ಗಾಳಿಗೆ ಸೀಳಿದ ಬಲಿತ ಎಲೆಯೂ ಬೇಡ. ಹಿಂದಿನ ನಡುದಂಡನ್ನು ಚೂರಿಯಲ್ಲಿ ಸವರಿ ತೆಳ್ಳಗೆ ಮಾಡಿ ಅಥವಾ ದಂಡು ಬಿಟ್ಟು ಬರಿ ಎಲೆಯನ್ನೇ ಕೊಯ್ಯಿರಿ. ಒಂದು ಮೊಳ ಉದ್ದದ ಎರಡು ತುಂಡು ಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಗ್ಯಾಸಿನ ಉರಿಯಿಂದ ಒಂದು ಗೇಣು ಮೇಲೆ ಹಿಡಿದು ನಿಧಾನ ಎಳೆಯುತ್ತಾ ಹೋಗಿ. ಮಂಕಾಗಿದ್ದ ಹಸುರು ಎಣ್ಣೆ ಸವರಿದ ಹಾಗೆ ಹೊಳೆಯುತ್ತಾ ಬರುತ್ತದೆ. ಆ ಹೊಳಪಿನ ಗೆರೆ ಮುಂದೆ ಸಾಗಿದಂತೆ ಕೈಯೂ ಸಾಗಬೇಕು. ಹೊಳಪು ಬಂದಲ್ಲಿ ನಿಂತರೆ ಕರಟುತ್ತದೆ, ಬರುವ ಮೊದಲೇ ಎಳೆದರೆ ಮಡಚುವಾಗ ಟಪ್ಪೆಂದು ಸೀಳುತ್ತದೆ.

ಎಲೆ ಯಾವಾಗಲೂ ಗೆರೆಯ ಜಾಡಿನಲ್ಲೇ ಸೀಳುವುದು. ಅದಕ್ಕೆ ಎರಡು ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡಿ, ಕೆಳಗಿನದರ ಗೆರೆ ಉದ್ದಕ್ಕೆ, ಮೇಲಿನದರ ಗೆರೆ ಅಡ್ಡಕ್ಕೆ. ಒಂದು ಸೀಳಿದರೂ ಇನ್ನೊಂದು ತಡೆಯುತ್ತದೆ. ಎಲೆಯ ಪರಿಮಳ ಬರಲು ಕಾವು ಬೇಕು, ಅನ್ನ ತಡೆಯಲು ಕಾವು ಬೇಡ. ಉರಿಯಿಂದ ಆಗಷ್ಟೇ ತೆಗೆದ ಬಿಸಿ ಎಲೆಗೆ ಆರಿಸಿದ ಅನ್ನ ಹಾಕಿದರೆ ಎರಡೂ ಸಿಗುತ್ತದೆ. ಅನ್ನ ನಡುವೆ, ಅದರ ಒಂದು ಬದಿಗೆ ಒಣ ಪಲ್ಯ, ಇನ್ನೊಂದು ಬದಿಗೆ ಚಟ್ನಿಪುಡಿ, ಮೇಲೆ ಮೊಟ್ಟೆಯ ದೋಸೆಯೋ ಹುರಿದ ಮೀನೋ ಹಪ್ಪಳವಲ್ಲದ ಬೇರೇನೋ. ಹಪ್ಪಳ ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಸಾರು ಸಾಂಬಾರು ಎಲೆಗೆ ಹಾಕಲೇಬೇಡಿ. ಉದ್ದ ಬದಿಗಳನ್ನು ಮೊದಲು, ಗಿಡ್ಡ ಬದಿಗಳನ್ನು ಆಮೇಲೆ ಮಡಚಿ, ಮಡಿಕೆ ಅಡಿಗೆ ಬರುವಂತೆ ತಿರುಗಿಸಿ ಬಾಳೆನಾರಿನಲ್ಲಿ ಕಟ್ಟಿ.

ಹೊರಗಿನಿಂದ ದಿನಪತ್ರಿಕೆ ಸುತ್ತುವ ಅಭ್ಯಾಸ ಬಿಟ್ಟುಬಿಡಿ. ಮುದ್ರಣದ ಶಾಯಿ ಊಟಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ತೆಳು ಹತ್ತಿ ಬಟ್ಟೆಯ ಒಂದು ತುಂಡು ಸಾಕು, ಮಧ್ಯಾಹ್ನ ಅದೇ ಹಾಸಿ ಉಣ್ಣಬಹುದು. ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಗಂಟು ಹಾಕಿದರೆ ಎಲೆಯಲ್ಲಿ ಕಟ್ಟಿದ್ದೂ ವ್ಯರ್ಥ, ಒಳಗೆ ನೀರೊಡೆಯುತ್ತದೆ.

ಹಿಟ್ಟು ತುಂಬಿ ಎಲೆಯಲ್ಲೇ ಆವಿಗೆ ಬೇಯಿಸುವ ಕಡುಬು, ಅಂದರೆ ಕೊಟ್ಟಿಗೆಯೂ ಒಳ್ಳೆಯ ಬುತ್ತಿ. ಉದ್ದಿನ ಕೊಟ್ಟಿಗೆ ಇಡ್ಲಿಯ ಹಾಗೆಯೇ, ಆದರೆ ಎಲೆಯ ಮುಚ್ಚಿಗೆ ಇರುವುದರಿಂದ ಒಣಗುವುದಿಲ್ಲ. ಮುಳ್ಳುಸೌತೆಯ ಕೊಟ್ಟಿಗೆಗೆ ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಅರ್ಧ ಲೋಟ ಕಾಯಿತುರಿ, ಉಪ್ಪು ಸೇರಿಸಿ ಸಣ್ಣ ರವೆಯಷ್ಟು ತರಿಯಾಗಿ ಅರೆಯಿರಿ. ಎರಡು ಲೋಟ ತುರಿದ ಸೌತೆ ಸೇರಿಸಿ. ಅರೆಯುವಾಗ ನೀರು ಹಾಕುವುದೇ ಎಲ್ಲರೂ ಮಾಡುವ ತಪ್ಪು. ಸೌತೆಯ ನೀರೇ ಸಾಕಾಗುತ್ತದೆ, ಮೇಲೆ ಇನ್ನಷ್ಟು ನೀರಾದರೆ ಕೊಟ್ಟಿಗೆ ಬೆಂದರೂ ಅಂಟಂಟು. ಬಾಡಿಸಿದ ಎಲೆಗೆ ಎರಡು ಸೌಟು ಹಾಕಿ ಮಡಚಿ, ಅಟ್ಟಿನಳಗೆಯ (ಆವಿಯಲ್ಲಿ ಬೇಯಿಸುವ ಪಾತ್ರೆ) ನೀರು ಕುದಿ ಬಂದ ಮೇಲೆ ಇಟ್ಟು 40–45 ನಿಮಿಷ ಬೇಯಿಸಿ. ತೆಗೆದ ಕೂಡಲೇ ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಆರಿಸಿ. ಕಾಯಿ ಇದ್ದರೂ ಮುಕ್ಕಾಲು ಗಂಟೆ ಆವಿಯಲ್ಲಿ ಬೆಂದಿರುವುದರಿಂದ ಮಧ್ಯಾಹ್ನದ ತನಕ ನಿಲ್ಲುತ್ತದೆ, ಸಂಜೆಯ ತನಕ ಇಡಬೇಡಿ.

ನೀರುದೋಸೆಯನ್ನು ಮಾತ್ರ ಬುತ್ತಿಗೆ ಒತ್ತಾಯಿಸಬೇಡಿ. ಅಕ್ಕಿಯ ಪಿಷ್ಟ ಆರಿದಂತೆ ಬಿಗಿಯುತ್ತದೆ, ದೋಸೆಗಳು ಒಂದಕ್ಕೊಂದು ಅಂಟಿ ಚರ್ಮದ ಹಾಗಾಗುತ್ತವೆ. ಉದ್ದು, ಮೆಂತ್ಯ ಬಿದ್ದ ದೋಸೆ ಮೆತ್ತಗೆ ಉಳಿಯುತ್ತದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಸ್ವಲ್ಪ ದಪ್ಪಗೆ ಹೊಯ್ದು ಮುಚ್ಚಿ ಬೇಯಿಸಿದರೆ ಮಧ್ಯಾಹ್ನವೂ ಹರಿದು ತಿನ್ನಬಹುದು.

ಕಾಳು, ಮೊಟ್ಟೆ, ಮೀನು

ಎಷ್ಟು ಹಾಕಬೇಕು ಎಂಬ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಪರಿಷ್ಕರಿಸಿದ ಪ್ರಮಾಣದ ಪ್ರಕಾರ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನು ಬೇಕು, 10–12ರವರಿಗೆ 32–33, 55 ಕಿಲೋ ತೂಕದ ಹೆಂಗಸಿಗೆ 46, 65 ಕಿಲೋ ಗಂಡಸಿಗೆ 54. ಮೂರರಲ್ಲೊಂದು ಪಾಲು ಬುತ್ತಿಯಿಂದ ಬರಲಿ ಎಂದುಕೊಳ್ಳಿ. ಎಂಟು ವರ್ಷದ ಮಗುವಿಗೆ 45 ಗ್ರಾಂ ಅಕ್ಕಿಯ ಅನ್ನದಲ್ಲಿ ಮೂರೂವರೆ ಗ್ರಾಂ ಬರುತ್ತದೆ, 20 ಗ್ರಾಂ ಹೆಸರುಕಾಳಿನಲ್ಲಿ ನಾಲ್ಕೂವರೆ. ಅಲ್ಲಿಗೆ ಮುಗಿಯಿತು. ಆಫೀಸಿಗೆ ಹೋಗುವ ಹೆಂಗಸಿಗೆ 75 ಗ್ರಾಂ ಅಕ್ಕಿ, 30 ಗ್ರಾಂ ಕಡಲೆ, 100 ಮಿಲಿ ಮೊಸರು ಸೇರಿ 15 ಗ್ರಾಂ ಆಗುತ್ತದೆ. ತೂಕವೆಲ್ಲ ಬೇಯಿಸುವ ಮೊದಲಿನದ್ದು. ಅಕ್ಕಿ ಬೆಂದಾಗ ಎರಡೂವರೆ ಮೂರು ಪಟ್ಟಾಗುತ್ತದೆ. ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳುವ ಮೊದಲು ಈ ಕೂಡಿಸುವ ಲೆಕ್ಕ ಒಮ್ಮೆ ಮಾಡಿ ನೋಡಿ.

ಕಡಲೆ ಉಸ್ಲಿಗೆ ಕಡಲೆಯನ್ನು ರಾತ್ರಿ ನೆನೆಹಾಕಿ 8–10 ಗಂಟೆ. ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಉಪ್ಪು ಹಾಕಿ 4–5 ವಿಸಿಲ್. ಬೆರಳಲ್ಲಿ ಹಿಚುಕಿದರೆ ಜಜ್ಜಬೇಕು. ತಣ್ಣಗಾದ ಮೇಲೆ ಕಡಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಮಕ್ಕಳ ಡಬ್ಬಿಗೆ ಒಂದು ವಿಸಿಲ್ ಹೆಚ್ಚೇ ಇರಲಿ. ಮೊಳಕೆ ಕಾಳನ್ನು ಹಸಿಯಾಗಿ ಕಳಿಸುವುದು ಈಗಿನ ಹೊಸ ಚಟ. ಮೊಳಕೆ ಬರಲು ಬೇಕಾದ ತೇವ, ಕಾವಿನಲ್ಲೇ ರೋಗಾಣುಗಳೂ ಬೆಳೆಯುತ್ತವೆ. ನಮ್ಮ ಮಳೆಗಾಲದಲ್ಲಂತೂ 12 ಗಂಟೆಯಲ್ಲೇ ಬಟ್ಟೆಯೊಳಗೆ ಲೋಳೆ ಬರುತ್ತದೆ. ಆವಿಯಲ್ಲಿ ಐದಾರು ನಿಮಿಷ ಬೇಯಿಸಿ ಒಗ್ಗರಣೆ ಹಾಕಿಯೇ ಕಳಿಸಿ. ಕಾಳಿನ ಜತೆ ಒಂದು ಹೋಳು ನಿಂಬೆ, ಒಂದು ನೆಲ್ಲಿಕಾಯಿ ಅಥವಾ ಪೇರಳೆ ಇದ್ದರೆ ಅದರ ಸಿ ಜೀವಸತ್ವದಿಂದ ಕಾಳು, ಸೊಪ್ಪಿನ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಉಲ್ಟಾ. ಆಫೀಸಿನವರು ಚಹಾವನ್ನು ಒಂದು ಗಂಟೆ ಮುಂದೆ ಹಾಕಲಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ನೆಲಗಡಲೆ, ಇಡೀ ದ್ರಾಕ್ಷಿ, ಗಟ್ಟಿ ಕಡಲೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲಗಡಲೆಯನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಮೊಟ್ಟೆಯನ್ನು 10 ನಿಮಿಷ ಕುದಿಸಿ ತಣ್ಣೀರಿಗೆ ಹಾಕಿ, ಸಿಪ್ಪೆ ಸಮೇತ ಕಳಿಸಿ. ಸುಲಿದರೆ ಡಬ್ಬಿಯೆಲ್ಲ ವಾಸನೆ, ಬೇಗ ಕೆಡುವುದೂ ಹೌದು.

ಮೀನಿನವರಿಗೆ ಒಂದು ಮುಖ್ಯ ಮಾತು. ಬಂಗುಡೆ, ಬೂತಾಯಿ ಜಾತಿಯ ಮೀನು ಹಸಿಯಾಗಿರುವಾಗ ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬುದು ಸೇರುತ್ತದೆ. ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ತಲೆನೋವು, ತುರಿಕೆ ಬರುತ್ತದೆ. ‘ಮೀನು ನಂಜಾಯಿತು’ ಎನ್ನುವುದು ಎಷ್ಟೋ ಸಲ ಇದೇ. ಸಂಜೆ ತಂದ ಮೀನನ್ನು ಬಂದ ಕೂಡಲೇ ಕೊಯ್ದು ತೊಳೆದು ಫ್ರಿಜ್ಜಿಗೆ ಇಡಬೇಕು, ಮಸಾಲೆ ಹಚ್ಚಿ ಅಡುಗೆಕಟ್ಟೆಯ ಮೇಲೆ ಬಿಡಬಾರದು. ಬುತ್ತಿಗೆ ಸಾರಿನ ಮೀನು ಬೇಡ, ಅರಸಿನ ಮೆಣಸು ಹುಳಿ ಹಚ್ಚಿ ಒಣಗುವ ತನಕ ಕಾವಲಿಯಲ್ಲಿ ಬೇಯಿಸಿದ ಬಂಗುಡೆ ಸರಿ. ಬೂತಾಯಿಯ ಮುಳ್ಳು ಸಣ್ಣವರ ಕೈಗೆ ಆಗುವುದಲ್ಲ.

ಪಲ್ಯ ಮತ್ತು ಹಣ್ಣು

ಬುತ್ತಿಗೆ ಹೊಂದುವವು ಅಲಸಂಡೆ, ತೊಂಡೆಕಾಯಿ, ಗುಜ್ಜೆ (ಎಳೆ ಹಲಸು), ಬಾಳೆಕಾಯಿ, ಹಾಗಲ, ಸುವರ್ಣಗೆಡ್ಡೆ, ನುಗ್ಗೆಸೊಪ್ಪು, ಹರಿವೆ. ಹೊಂದದವು ಸೋರೆ, ಹೀರೆ, ಬೂದುಕುಂಬಳ. ಎಷ್ಟು ಬತ್ತಿಸಿದರೂ ಮಧ್ಯಾಹ್ನಕ್ಕೆ ನೀರು. ಮೂವರ ಬುತ್ತಿಗೆ 300 ಗ್ರಾಂ ತೊಂಡೆಕಾಯಿ ತೆಗೆದುಕೊಳ್ಳಿ. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಒಗ್ಗರಣೆ, ಕಾಲು ಲೋಟ ನೀರು, ಮುಚ್ಚಿ 10 ನಿಮಿಷ, ಆಮೇಲೆ ಮುಚ್ಚಳ ತೆಗೆದು ಬಾಣಲೆಯ ತಳ ಒಣಗುವ ತನಕ. ಸೊಪ್ಪಿನ ಪಲ್ಯಕ್ಕೆ ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ, ಸೊಪ್ಪು ಕುಗ್ಗಿದ ಮೇಲೆ ಉಪ್ಪು ಜಾಸ್ತಿಯೂ ಆಗುತ್ತದೆ. ಗೆಡ್ಡೆಯ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಹರಳುಗಳು. ಹುಣಸೆಹುಳಿಯ ನೀರಿನಲ್ಲಿ ಬೇಯಿಸಿದರೆ ಶಮನ. ತೊಂಡೆ, ಅಲಸಂಡೆ ರಾತ್ರಿಯೇ ಹೆಚ್ಚಿಡಬಹುದು, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದೆ.

ಡಬ್ಬಿಯಲ್ಲಿ ಅನ್ನ ಅರ್ಧಕ್ಕಿಂತ ಹೆಚ್ಚಾಗದಂತೆ ನೋಡಿ, ಉಳಿದರ್ಧ ಪಲ್ಯ, ಕಾಳು, ಹಣ್ಣು. ಸಕ್ಕರೆ ಕಾಯಿಲೆ ಇರುವವರಿಗೂ ಇದೇ ದಾರಿ. ಕುಚ್ಚಲಕ್ಕಿ ಎಂದು ಎರಡು ಸೌಟು ಹೆಚ್ಚು ಹಾಕಿಕೊಂಡರೆ ಕುಚ್ಚಲಕ್ಕಿಯ ಲಾಭ ಅಲ್ಲಿಗೇ ಹೋಯಿತು. ಉಪ್ಪಿನಕಾಯಿ ಒಂದು ಸಣ್ಣ ಹೋಳು ಸಾಕು, ದಿನವಿಡೀ ಎಲ್ಲ ಸೇರಿ ಉಪ್ಪು 5 ಗ್ರಾಂ ಮೀರಬಾರದು.

ಹಣ್ಣಿನಲ್ಲಿ ಪೇರಳೆ, ಚಿಕ್ಕು, ಕಿತ್ತಳೆ, ಕದಳಿ ಇಡಿಯಾಗಿ ಕಳಿಸಬಹುದು. ಬಾಳೆಹಣ್ಣನ್ನು ಡಬ್ಬಿಯ ಕೆಳಗೆ ತುರುಕದೆ ಬ್ಯಾಗಿನ ಬದಿಯ ಜೇಬಿನಲ್ಲಿಡಿ. ಹೆಚ್ಚಿದ ಪಪ್ಪಾಯಿ ಬೇಡ, ನೀರಾಗುತ್ತದೆ. ನೇಂದ್ರ ಹಣ್ಣನ್ನು ಸಿಪ್ಪೆ ಸಮೇತ 10 ನಿಮಿಷ ಆವಿಯಲ್ಲಿ ಬೇಯಿಸಿ ಆರಿಸಿ ಕಳಿಸಿದರೆ ನಾಲ್ಕು ಗಂಟೆಯ ಹಸಿವಿಗೆ ಬಿಸ್ಕತ್ತಿನ ಪೊಟ್ಟಣ ಬೇಕಾಗುವುದಿಲ್ಲ.

ಬೇಸಿಗೆಯಲ್ಲಿ ಒಂದು ಉಪಾಯ: ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರುಮಜ್ಜಿಗೆ ತುಂಬಿ ರಾತ್ರಿ ಫ್ರೀಜರಿಗೆ ಇಡಿ. ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತಾಗಿಸಿ ಇಟ್ಟರೆ ಊಟ ತಂಪಾಗಿರುತ್ತದೆ, ಮಧ್ಯಾಹ್ನಕ್ಕೆ ಮಜ್ಜಿಗೆ ಕರಗಿರುತ್ತದೆ. ಪೂರ್ತಿ ತುಂಬಿಸಿದರೆ ಗಡ್ಡೆಕಟ್ಟುವಾಗ ಹಿಗ್ಗಿ ಬಾಟಲಿ ಒಡೆಯುತ್ತದೆ.

ಕೊನೆಗೆ ಡಬ್ಬಿ ತೊಳೆಯುವುದು. ಎಲ್ಲ ಸರಿ ಮಾಡಿದರೂ ದಿನಾ ಹುಳಿ ವಾಸನೆ ಬರುತ್ತಿದ್ದರೆ ಮುಚ್ಚಳದ ರಬ್ಬರ್ ರಿಂಗ್ ನೋಡಿ. ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದರೆ ಅದರಡಿಯ ಸಂದಿಯಲ್ಲಿ ನಿನ್ನೆಯದ್ದು, ಮೊನ್ನೆಯದ್ದು ಕಪ್ಪಾಗಿ ಕೂತಿರುತ್ತದೆ. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ರಿಂಗನ್ನೂ ಮುಚ್ಚಳವನ್ನೂ ಬೇರೆಬೇರೆಯಾಗಿ ಒಣಗಿಸಿ. ಮಳೆಗಾಲದಲ್ಲಿ ರಾತ್ರಿಯಿಡೀ ಇಟ್ಟರೂ ಒಣಗದಿದ್ದರೆ ಒಲೆಯ ಹತ್ತಿರದ ಕಟ್ಟೆಯ ಮೇಲೆ ಬಟ್ಟೆ ಹಾಸಿ ಕವುಚಿಡಿ. ಒದ್ದೆ ಡಬ್ಬಿಗೆ ಮುಚ್ಚಳ ಹಾಕಿ ಇಡಬೇಡಿ.